ಎರಡು ಬೆರಳ ಸಡಿಲ

ನಮ್ಮ ಅಂಗಡಿಯ ಅಳತೆ ಪುಸ್ತಕದಲ್ಲಿ ಒಂದು ಕೋಳಿಗೂ ಪುಟವಿದೆ. ಎಡಗಡೆ ಬಸ್ ಕಂಡಕ್ಟರನ ಎದೆ, ಸೊಂಟ, ತೋಳು, ಉದ್ದ, ಬಲಗಡೆ ಕೋಳಿ. ಅಪ್ಪ ಅಲ್ಲಿಯೂ ನಾಲ್ಕು ಮನೆಗಳ ಗೀಟು ಹಾಕಿ, ಎದೆಯೊಂದನ್ನು ತುಂಬಿ, ಉಳಿದ ಮೂರನ್ನು ಖಾಲಿ ಬಿಟ್ಟಿದ್ದಾನೆ. ಕೋಳಿಗೆ ತೋಳಿಲ್ಲ ಎಂಬುದು ಗೀಟು ಹಾಕಿದ ಮೇಲೆ ಹೊಳೆದಿರಬೇಕು.

ಕೋಳಿಯ ಹೆಸರು ಮೇಡಂ. ಹೆಸರಿಟ್ಟವಳು ಅಮ್ಮ. ಕತ್ತು ಹಿಂದಕ್ಕೆಳೆದುಕೊಂಡು, ಕಾಲನ್ನು ಒಂದೊಂದಾಗಿ ಎತ್ತಿಡುತ್ತಾ ಹಿತ್ತಿಲಲ್ಲಿ ಅದು ಸುತ್ತುವುದನ್ನು ನೋಡಿದರೆ ತನ್ನ ಶಾಲೆಯ ಹೆಡ್‌ಮೇಡಂ ನೆನಪಾಗುತ್ತಾರಂತೆ. ನನಗೆ ಆ ಪ್ರಾಣಿಯ ಮೇಲೆ ಅಷ್ಟು ಗೌರವ ಯಾವತ್ತೂ ಹುಟ್ಟಲಿಲ್ಲ. ತಾನೇ ಇಟ್ಟ ಮೊಟ್ಟೆಯನ್ನು ತಾನೇ ತುಳಿದು ಗಾಬರಿಯಾಗುತ್ತದೆ. ಬಕೆಟ್ಟಿನ ನೆರಳಿಗೆ ಹೆದರಿ, ಬಕೆಟ್ಟಿನೊಳಗೇ ಹಾರುತ್ತದೆ. ಅದಕ್ಕೆ ಕಾಯಿಲೆ ಬಂದ ಸೋಮವಾರ ನನಗೆ ಮೊದಲು ಅನ್ನಿಸಿದ್ದು, ಸದ್ದಿಲ್ಲದ ಹಿತ್ತಿಲು ಎಷ್ಟು ಚೆನ್ನಾಗಿರುತ್ತದೆ ಎಂದು.

ಕಾಯಿಲೆಯನ್ನು ಕಂಡುಹಿಡಿದವಳು ಕಾಜದತ್ತೆ. ಅಪ್ಪನ ಅಕ್ಕ. ನಮ್ಮ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ, ನಡುವೆ ನಾವು, ಹಿಂದಿನ ಕೋಣೆಯಲ್ಲಿ ಅವಳು. ನಾನು ಹುಟ್ಟುವ ಮೊದಲಿನಿಂದ ಆ ಕೋಣೆಯ ಕಿಟಕಿಯ ಕೆಳಗೆ ಕೂತು ಅಪ್ಪ ಹೊಲಿದ ಅಂಗಿಗಳಿಗೆಲ್ಲ ಗುಂಡಿ ಹಚ್ಚುತ್ತಾಳೆ, ಗುಂಡಿ ತೂರುವ ತೂತಿನ ಸುತ್ತ ದಾರ ಬಿಗಿದು ಕಾಜ ಮಾಡುತ್ತಾಳೆ. ಊರಿಗೆಲ್ಲ ಕಾಜದತ್ತೆ. ಆ ಸೋಮವಾರ ಮೇಡಂ ಕಾಳು ಮುಟ್ಟದೆ, ಪುಕ್ಕ ಉಬ್ಬಿಸಿ, ಕಣ್ಣು ಅರೆಮುಚ್ಚಿ, ಗುರುತಿಲ್ಲದವರ ಸಾವಿನ ಮನೆಗೆ ಬಂದವರಂತೆ ಗೋಡೆಯ ಬುಡದಲ್ಲಿ ನಿಂತಿತ್ತು. ಅತ್ತೆ ಎತ್ತಿ ಮುಟ್ಟಿ ನೋಡಿದಳು. ಕುತ್ತಿಗೆಯ ಬುಡದಲ್ಲಿ, ತಿಂದದ್ದೆಲ್ಲ ಮೊದಲು ಹೋಗಿ ಸೇರುವ ಕಾಳಿನ ಚೀಲ ಚೆಂಡಿನಂತೆ ಗಟ್ಟಿಯಾಗಿ ಊದಿತ್ತು.

ಅಮ್ಮ ದನದ ಡಾಕ್ಟರಿಗೆ ಫೋನು ಮಾಡಿದಳು. ಒಂದು ಕೋಳಿಗಾಗಿ ತನ್ನನ್ನು ಕರೆದದ್ದು ಆತನಿಗೆ ಅವಮಾನವಾದದ್ದು ಫೋನಿನ ಹೊರಗೂ ಕೇಳಿಸಿತು. ಆದರೂ ಹೇಳಿದ: ದಾರವನ್ನೋ ನಾರನ್ನೋ ನುಂಗಿ ಒಳಗೆ ಗಂಟು ಕಟ್ಟಿದೆ. ಕಾಳು ನಿಲ್ಲಿಸಿ, ನೀರು ಮಾತ್ರ ಇಡಿ. ದಿನಕ್ಕೆ ಮೂರು ಸಲ ಕೊಕ್ಕಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಚೀಲವನ್ನು ಮೆತ್ತಗೆ ನೀವಿ. ದಿನಾ ಬೆಳಿಗ್ಗೆ ಮುಟ್ಟಿ ನೋಡಿ. ಖಾಲಿಯಾದ ದಿನದಿಂದ ಮೆದುವಾದದ್ದೇನಾದರೂ ಕೊಡಿ. ಶನಿವಾರದವರೆಗೂ ಇಳಿಯದಿದ್ದರೆ ತನ್ನಿ, ಕುಯ್ದು ತೆಗೆಯುತ್ತೇನೆ.

ದಾರ ಎಂದಾಗ ಯಾರೂ ನನ್ನ ಕಡೆ ನೋಡಲಿಲ್ಲ. ಅಂಗಡಿ ಗುಡಿಸುವವಳು ನಾನು. ಕಸದ ಬುಟ್ಟಿಗೆ ಹೋಗಬೇಕಾದ ದಾರದ ತುಂಡುಗಳನ್ನು, ಬಗ್ಗುವುದಕ್ಕೆ ಬೇಜಾರಾಗಿ, ಹಿಂಬಾಗಿಲಿನಿಂದ ಹಿತ್ತಿಲಿಗೆ ತಳ್ಳುವವಳೂ ನಾನೇ. ಇದನ್ನು ಯಾರಿಗೂ ನೆನಪಿಸುವ ಅಗತ್ಯ ನನಗೆ ಕಾಣಲಿಲ್ಲ.

ಡಾಕ್ಟರ್ ಹೇಳಿದ್ದರಲ್ಲಿ ‘ಮುಟ್ಟಿ ನೋಡಿ’ ಎಂಬುದೊಂದು ಅಪ್ಪನಿಗೆ ಹಿಡಿಸಲಿಲ್ಲ. ಮೂವತ್ತು ವರ್ಷದಿಂದ ಟೇಪನ್ನು ಕೊರಳಲ್ಲಿ ಹಾಕಿಕೊಂಡು ಓಡಾಡುವ ಮನುಷ್ಯ. ಸ್ನಾನಕ್ಕೆ ಹೋಗುವಾಗ ತೆಗೆದಿಡುತ್ತಾನೆ ಎಂದು ಅಮ್ಮ ಹೇಳುತ್ತಾಳೆ, ನಾನು ನಂಬುವುದಿಲ್ಲ. ಕೈಗೆ ನಂಬರಿಲ್ಲ, ಟೇಪಿಗಿದೆ ಎಂದ. ಆರೋಗ್ಯವಾಗಿದ್ದ ಇನ್ನೊಂದು ಕೋಳಿಯನ್ನು ಹಿಡಿದು ತಂದು ಅದರ ಎದೆಯ ಅಳತೆ ತೆಗೆಯಲು ಅತ್ತೆಗೆ ಹೇಳಿದ. ಗಿರಾಕಿಯ ಎದುರಿಗೆ ತಾನು ಕೋಳಿ ಅಳೆಯುವುದು ಅವನಿಗೆ ಮರ್ಯಾದೆಯಾಗಿ ಕಾಣಲಿಲ್ಲ. ಅತ್ತೆ ಅಳೆದಳು: ಹನ್ನೊಂದೂವರೆ ಇಂಚು. ಆಮೇಲೆ ಮೇಡಮ್ಮನ್ನು ಅಳೆದಳು: ಹದಿಮೂರು. ಅಪ್ಪ ಎರಡನ್ನೂ ಪುಸ್ತಕದಲ್ಲಿ ಬರೆದು, ಹನ್ನೊಂದೂವರೆಯ ಕೆಳಗೆ ಎರಡು ಗೆರೆ ಎಳೆದ. ಅಲ್ಲಿಗೆ ಇಳಿಯುವ ತನಕ ಒಂದು ಕಾಳೂ ಇಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವನು ಅಳೆಯುವುದು. ಸಂಜೆ ಅಂಗಡಿಯಲ್ಲಿ ಜನ ಇರುವುದರಿಂದ ಅತ್ತೆ ಅಳೆಯುವುದು. ಮೇಡಂ ಅತ್ತೆಯ ಕೋಣೆಯಲ್ಲಿ, ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತರಿಸಿ ಉಳಿದ ಅಸ್ತರಿನ ಬಟ್ಟೆಯ ಮೇಲೆ ಮಲಗುವುದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತನ್ನು ಜುಟ್ಟಿರುವ ಪ್ರಾಣಿಯ ಮೇಲೇ ಪ್ರಯೋಗ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಒಂದು ಸಂಗತಿಯೂ ಆ ಪೆಟ್ಟಿಗೆಯೊಳಗೆ ಹೋಗಿ ಕೂತಿತು. ಅತ್ತೆಗೆ ಹಸಿದವರನ್ನು ನೋಡಲಾಗುವುದಿಲ್ಲ. ಅಂಗಿ ಒಯ್ಯಲು ಬಂದವರಿಗೆ ತಟ್ಟೆ ಇಡುತ್ತಾಳೆ. ತಿಂದು ಬಂದೆ ಎಂದವರಿಗೆ ಎರಡು ಸಲ ಇಡುತ್ತಾಳೆ. ಇರುವೆಗೂ ಸಕ್ಕರೆ ಉದುರಿಸುತ್ತಾಳೆ. ಅಜ್ಜನಿಗೆ ಹೊಟ್ಟೆಯ ಆಪರೇಷನ್ ಆದ ಮರುದಿನ, ಬಾಯಿಗೆ ಏನೂ ಹಾಕಬೇಡಿ ಎಂದು ಹೇಳಿದ್ದಾಗ, ಮಂಚದ ಪಕ್ಕ ಕೂತಿದ್ದವಳು ಅವಳು. ಬಾಯಾರಿಕೆ ಎಂದು ಅಜ್ಜ ಗೋಗರೆದ. ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಒತ್ತಿದೆ, ಅಷ್ಟೇ ಎನ್ನುವುದು ಅವಳ ಮಾತು. ಹಾಲು ಕುಡಿಸಿದಳು ಎನ್ನುವುದು ಅಪ್ಪನ ಮಾತು. ಎರಡು ದಿನಕ್ಕೆ ಅಜ್ಜ ಹೋದ. ನಾನು ಚಿಕ್ಕವಳಿದ್ದಾಗ ಕೇಳಿದ ಕಥೆಯಲ್ಲಿ ಹಾಲು ಕಾಲು ಲೋಟ ಇತ್ತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅದು ಅರ್ಧ ಲೋಟವಾಯಿತು. ಈಚೆಗೆ ಒಂದು ಪೂರ್ತಿ ಲೋಟ, ಅದೂ ಸಕ್ಕರೆ ಹಾಕಿ. ಅಪ್ಪ ಇದನ್ನು ಅತ್ತೆಯ ಮುಂದೆ ಹೇಳುವುದಿಲ್ಲ. ಅವಳಿಗೆ ಕೇಳಿಸುವಷ್ಟು ದೂರದಲ್ಲಿ ಹೇಳುತ್ತಾನೆ.

ಹಾಗಾಗಿ ಈ ಸಲ ಅತ್ತೆ ಕೈ ಕಟ್ಟಿಕೊಂಡು ಕೂತಳು. ಕಾಳು ಬೇಡ ಎಂದರೆ ಬೇಡ. ಅವಳನ್ನು ಕಂಡೊಡನೆ ಪೆಟ್ಟಿಗೆಯಲ್ಲಿ ಮೇಡಂ ಎದ್ದು ನಿಂತು ಕೊಕ್ಕು ಬಿಡುತ್ತಿತ್ತು. ಅವಳು ಗೋಡೆಯ ಕಡೆಗೆ ತಿರುಗಿ ಕಾಜ ಮಾಡುತ್ತಿದ್ದಳು. ಎಣ್ಣೆ ಬಿಡುವಾಗ, ಚೀಲ ನೀವುವಾಗ ಮಾತ್ರ ಅದರ ಮುಖ ನೋಡುತ್ತಿದ್ದಳು. ಆ ವಾರದ ಕಾಜಗಳು ಎಷ್ಟು ಬಿಗಿಯಾಗಿದ್ದವೆಂದರೆ ಗುಂಡಿ ಒಳಗೆ ಹೋಗಲು ಅಪ್ಪಣೆ ಕೇಳಬೇಕಾಗಿತ್ತು. ನಾನು ಇದನ್ನು ನಾಟಕ ಎಂದುಕೊಂಡೆ. ನಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಮಾಡದೆ ಇದ್ದರೆ, ಅದನ್ನು ಕದ್ದು ಮಾಡುತ್ತಿದ್ದಾರೆ ಎಂದೇ ನಾನು ತಿಳಿಯುತ್ತಿದ್ದ ಕಾಲ ಅದು.

ಪುಸ್ತಕದ ಪುಟ ತುಂಬುತ್ತಾ ಬಂತು. ಮಂಗಳವಾರ ಬೆಳಿಗ್ಗೆ ಅಪ್ಪ ಅಳೆದ: ಹದಿಮೂರೂ ಮುಕ್ಕಾಲು. ಸಂಜೆ ಅತ್ತೆ ಅಳೆದಳು: ಹನ್ನೆರಡೂವರೆ. ಬುಧವಾರ ಬೆಳಿಗ್ಗೆ ಅಪ್ಪ: ಹದಿಮೂರೂ ಕಾಲು. ಸಂಜೆ ಅತ್ತೆ: ಹನ್ನೆರಡು. ಗುರುವಾರ ಬೆಳಿಗ್ಗೆ ಅಪ್ಪ: ಹದಿಮೂರು. ಬುಧವಾರವೇ ಅತ್ತೆ, ಹಿಕ್ಕೆಯ ಜೊತೆಗೆ ಬಿದ್ದಿದ್ದ ಖಾಕಿ ದಾರದ ಉಂಡೆಯೊಂದನ್ನು ಕಾಗದದ ಮೇಲಿಟ್ಟು ತಂದು ಅಪ್ಪನಿಗೆ ತೋರಿಸಿದ್ದಳು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿದ್ದ ಅಪ್ಪ, ಅದು ಹಳೇದು ಎಂದ. ಹಿಕ್ಕೆಯಲ್ಲಿ ಹಳೇದು ಹೊಸದು ಗುರುತು ಹಿಡಿಯುವ ವಿದ್ಯೆ ಅವನು ಎಲ್ಲಿ ಕಲಿತನೋ.

ಅಂಕಿಗಳನ್ನು ಕೂಡಿಸಿ ಓದಿದವಳು ನಾನು. ಇದನ್ನು ಹೇಳಲೇಬೇಕು. ಗುರುವಾರ ಕಟಿಂಗ್ ಟೇಬಲ್ಲಿನ ಮೇಲೆ ಪುಸ್ತಕ ಬಿಡಿಸಿಕೊಂಡು, ಹಗಲು ಇಳಿಯುವ ಕೋಳಿ ರಾತ್ರಿಯಾದರೆ ಏರುತ್ತದೆ ಎಂದು ಕಂಡುಹಿಡಿದೆ. ರಾತ್ರಿಗೆ ಮುಕ್ಕಾಲು ಇಂಚು, ಕೆಲವು ಸಲ ಒಂದಿಂಚು. ನೀರು ಕುಡಿದರೆ ಅಷ್ಟಾಗುವುದಿಲ್ಲ. ಯಾರೋ ರಾತ್ರಿ ತಿನ್ನಿಸುತ್ತಿದ್ದಾರೆ ಎಂದು ಅಪ್ಪನಿಗೆ ಹೇಳಿದೆ. ಯಾರು ಎಂದು ಹೇಳುವ ಕಷ್ಟ ನಾನು ತೆಗೆದುಕೊಳ್ಳಲಿಲ್ಲ. ಇಷ್ಟು ಬುದ್ಧಿವಂತಿಕೆಯನ್ನು ಈ ಮನೆಯಲ್ಲಿ ಯಾರ ಮೇಲೆ ಖರ್ಚು ಮಾಡಬೇಕೆಂದು ತಿಳಿಯದೆ ಕಾಯುತ್ತಿದ್ದೆ. ಒಂದು ಕೋಳಿ ಸಿಕ್ಕಿತು, ಒಬ್ಬ ಮುದುಕಿ ಸಿಕ್ಕಿದಳು.

ಅಪ್ಪ ಅಕ್ಕನ ಹತ್ತಿರ ನೇರವಾಗಿ ಮಾತಾಡುವವನಲ್ಲ. ಅವಳ ಕೋಣೆಗೆ ಹೋಗಿ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೋಳಿಯನ್ನು ಕೇಳಿದ.

“ಯಾರು ಹಾಕ್ತಾರೆ ನಿಂಗೆ ರಾತ್ರಿ? ಬಾಯಿಬಿಟ್ಟು ಹೇಳು ಮೇಡಂ. ನಾನೇನೂ ಅನ್ನಲ್ಲ.”

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಒಂದು ಕಾಳು ಹಾಕಿದ್ರೆ ನನ್ನ ಕೈ ಸೇದಿಹೋಗ್ಲಿ,” ಅಂದಳು.

“ನಾನು ಕೋಳೀನ ಕೇಳ್ದೆ, ಅಕ್ಕ.”

“ನಾನೂ ಕೋಳಿಗೇ ಹೇಳ್ದೆ.”

ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಆ ಹೊಸ್ತಿಲ ಮೇಲೇ ಸಂಸಾರ ಮಾಡಿದ್ದಾಳೆ. ಅಜ್ಜನ ವಿಷಯದಲ್ಲೂ ಅವಳ ಅಭಿಪ್ರಾಯ ಏನೆಂದು ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ.

ಗುರುವಾರ ಸಂಜೆ ಅತ್ತೆ ಅಳೆದಾಗ ಹನ್ನೊಂದೂ ಮುಕ್ಕಾಲು. ಶುಕ್ರವಾರ ಬೆಳಿಗ್ಗೆ ಅಪ್ಪ ಅಳೆದಾಗ ಹನ್ನೆರಡೂ ಮುಕ್ಕಾಲು. ಅಂಗಡಿಗೆ ಬಂದವರಿಗೆಲ್ಲ ಅಪ್ಪ ತಲೆಯಾಡಿಸುತ್ತಾ ಕೋಳಿಯ ಕಥೆ ಹೇಳಿದ. ಕಥೆಯ ಕೊನೆಯಲ್ಲಿ ಹಿಂದಿನ ಕೋಣೆಯ ಕಡೆಗೆ ಒಂದು ನೋಟ. ಕೆಲವರಿಗೆ ಅಜ್ಜನ ಹಾಲಿನ ಕಥೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅಂದು ಗೊತ್ತಾಯಿತು. ಸಂಜೆ ಅತ್ತೆ ಟೇಪು ಹಿಡಿದುಕೊಂಡೇ ಅಂಗಡಿಗೆ ಬಂದು, ಹನ್ನೊಂದೂವರೆ, ಆ ಇನ್ನೊಂದರಷ್ಟೇ ಆಗಿದೆ, ಇವತ್ತಾದರೂ ಏನಾದರೂ ಕೊಡೋಣ ಎಂದು ಕೇಳಿದಳು. ಕೇಳಿದಳು, ಇಪ್ಪತ್ತು ವರ್ಷದಲ್ಲಿ ಅವಳು ಯಾರಿಗಾದರೂ ಉಣ್ಣಿಸಲು ಅನುಮತಿ ಕೇಳಿದ್ದು ಅದೇ ಮೊದಲು. ಬೆಳಿಗ್ಗೆ ನೋಡೋಣ ಎಂದ ಅಪ್ಪ. ಮುಖ ಎತ್ತಲಿಲ್ಲ.

ಆಗ ನಾನು ಒಂದು ಉಪಾಯ ಹೇಳಿದೆ. ಈ ರಾತ್ರಿ ಪೆಟ್ಟಿಗೆ ನನ್ನ ಕೋಣೆಯಲ್ಲಿರಲಿ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇನೆ, ಬೆಳಿಗ್ಗೆ ಅಪ್ಪನ ಬದಲು ನಾನೇ ಅಳೆಯುತ್ತೇನೆ. ಇದಕ್ಕಿಂತ ನ್ಯಾಯ ಇನ್ನೇನಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅತ್ತೆಗೂ ಅದು ಒಪ್ಪಿಗೆಯಾಯಿತು. ಪೆಟ್ಟಿಗೆಯನ್ನು ಅವಳೇ ಎತ್ತಿ ತಂದಿಟ್ಟು, ನನ್ನ ಕಡೆ ನೋಡಿ, “ನಿದ್ದೆ ಬಂತೂಂತ ಆಮೇಲೆ ಹೇಳ್ಬೇಡ,” ಅಂದಳು.

ಶನಿವಾರ ಬೆಳಿಗ್ಗೆ ಚಿಲಕ ಹಾಕಿದಂತೆಯೇ ಇತ್ತು. ನಾನು ಮೇಡಮ್ಮನ್ನು ಮಡಿಲಲ್ಲಿಟ್ಟುಕೊಂಡು, ಅಪ್ಪ ಕಲಿಸಿದಂತೆ, ಎದೆಯ ಸುತ್ತ ಟೇಪು ತಂದು ಅಳೆದೆ. ಹನ್ನೆರಡೂವರೆ. ಇನ್ನೊಮ್ಮೆ ಅಳೆದೆ. ಹನ್ನೆರಡೂವರೆ.

ಒಂದಿಂಚು ಏರಿತ್ತು. ಬಾಗಿಲು ಮುಚ್ಚಿದ್ದ ಕೋಣೆಯಲ್ಲಿ, ನನ್ನ ಮಂಚದ ಪಕ್ಕದಲ್ಲಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ದೊಡ್ಡವರು ಹೇಳಿದ್ದು ಇಂಥ ಬೆಳಗಿಗೇ ಇರಬೇಕು. ನಾನು ಪರಾಂಬರಿಸಿದ್ದು ಕಿಟಕಿಯನ್ನು. ಅದಕ್ಕೆ ಸರಳುಗಳಿವೆ, ಎರಡು ಸರಳಿನ ನಡುವೆ ಕೈ ತೂರಿಸಿ ನೋಡಿದೆ, ಮೊಣಕೈವರೆಗೆ ಹೋಯಿತು. ಪೆಟ್ಟಿಗೆ ಕಿಟಕಿಯಿಂದ ನಾಲ್ಕು ಅಡಿ ದೂರವಿತ್ತು. ಆದರೂ, ಅತ್ತೆಯ ತೋಳು ಉದ್ದ ಎಂದುಕೊಂಡೆ. ಟೇಪಿನ ಮೇಲೆ ಅನುಮಾನಪಡುವುದಕ್ಕಿಂತ ಚಿಲಕದ ಮೇಲೆ ಅನುಮಾನಪಡುವುದು, ಚಿಲಕಕ್ಕಿಂತ ಅತ್ತೆಯ ಮೇಲೆ ಅನುಮಾನಪಡುವುದು ನನಗೆ ಸುಲಭವಿತ್ತು. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟಿ ಎಂದವರನ್ನು ನೋಡಿ ನಾನು ಎಷ್ಟು ಸಲ ನಕ್ಕಿದ್ದೇನೆ. ಆ ಬೆಳಿಗ್ಗೆ ನಾನು ಕೊಟ್ಟಿಗೆಗೆ ಹಗ್ಗ ಹುಡುಕುತ್ತಿದ್ದೆ.

ಅಂಕಿ ಕೇಳಿ ಅಪ್ಪ ತೃಪ್ತಿಯಿಂದ ಉಸಿರುಬಿಟ್ಟ. ಸಂಜೆ ನಾಲ್ಕಕ್ಕೆ ಡಾಕ್ಟರ ಹತ್ತಿರ ಒಯ್ಯುವುದು, ಕುಯ್ಯಿಸುವುದು ಎಂದು ತೀರ್ಮಾನವಾಯಿತು. ಅತ್ತೆ ನನ್ನನ್ನೇನೂ ಕೇಳಲಿಲ್ಲ. ಅವಳ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ತನ್ನ ಕೈಯನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು, ರಾತ್ರಿ ಅದು ತನಗೆ ಹೇಳದೆ ಎದ್ದು ಹೋಗಿತ್ತೇನೋ ಎಂಬಂತೆ.

ಹನ್ನೊಂದು ಗಂಟೆಗೆ ಬಸ್ ಕಂಡಕ್ಟರ್ ಹೊಸ ಖಾಕಿ ಅಂಗಿಗೆ ಅಳತೆ ಕೊಡಲು ಬಂದ. ಎರಡು ತಿಂಗಳಿನಿಂದ ಹೊಟ್ಟೆ ಕರಗಿಸುತ್ತಿದ್ದಾನೆ, ದಿನಾ ಡಿಪೋ ತನಕ ನಡೆದೇ ಹೋಗುತ್ತಾನೆ, ಬಸ್ಸಿನವನು ನಡೆಯುವುದೆಂದರೆ ಏನು ಹುಡುಗಾಟವೇ ಎಂದೆಲ್ಲ ಹೇಳಿಕೊಂಡ. ಅಪ್ಪ ಇಸ್ತ್ರಿ ಮಾಡುತ್ತಿದ್ದ. ನಾನು ಟೇಪು ಸುತ್ತಿ, “ಎದೆ ನಲವತ್ತೆರಡು,” ಎಂದೆ.

“ಆಗಲ್ಲ,” ಎಂದ ಕಂಡಕ್ಟರ್. “ನನ್ನ ಹೆಂಡ್ತಿ ದಿನಾ ಅಳೀತಾಳೆ. ನಲವತ್ತೊಂದು.”

ನಾನು ಮತ್ತೆ ಟೇಪು ಎಳೆದೆ. ನಲವತ್ತೆರಡು.

“ಆ ಎರಡು ಬೆರಳು ನನ್ನ ಲೆಕ್ಕಕ್ಕೆ ಯಾಕಮ್ಮ ಸೇರಿಸ್ತೀಯ? ಬಸ್ಸಿಗೆ ಇಬ್ಬರು ಹತ್ತಿದ್ರೆ ನಾನು ಮೂರು ಟಿಕೆಟ್ ಹರೀತೀನಾ?”

ಕೆಳಗೆ ನೋಡಿದೆ. ಟೇಪಿಗೂ ಅವನ ಎದೆಗೂ ನಡುವೆ ನನ್ನ ಬಲಗೈಯ ತೋರುಬೆರಳು, ನಡುಬೆರಳು ಆರಾಮಾಗಿ ಮಲಗಿದ್ದವು. ನಾನು ಅವನ್ನು ಅಲ್ಲಿಗೆ ಕಳಿಸಿರಲಿಲ್ಲ. ಮೊದಲ ದಿನ ಅಪ್ಪ ಹೇಳಿಕೊಟ್ಟದ್ದೇ ಅದು: ಟೇಪಿನ ಒಳಗೆ ಎರಡು ಬೆರಳು ಇಟ್ಟು ಅಳೆಯಬೇಕು, ಅಷ್ಟು ಸಡಿಲ ಇದ್ದರೆ ತೊಟ್ಟವನು ಉಸಿರಾಡುತ್ತಾನೆ. ಆಮೇಲೆ ಅದು ಹೇಳಿಕೊಡುವ ವಿಷಯವಾಗಿ ಉಳಿಯಲಿಲ್ಲ, ಬೆರಳಿನ ಸ್ವಭಾವವಾಯಿತು. ಅಪ್ಪ ಈಗ ಕಂಬ ಅಳೆದರೂ ಎರಡು ಬೆರಳು ಒಳಗಿಟ್ಟೇ ಅಳೆಯುತ್ತಾನೆ. ಅತ್ತೆ ಮನುಷ್ಯರನ್ನು ಅಳೆದವಳಲ್ಲ. ಅವಳು ಅಳೆಯುವುದು ಗುಂಡಿಯಿಂದ ಗುಂಡಿಗೆ ಎಷ್ಟು ಅಂತರ ಎಂದು, ಟೇಪನ್ನು ಬಟ್ಟೆಗೆ ಅಂಟಿಸಿ ಹಿಡಿದು. ಗುಂಡಿ ಉಸಿರಾಡುವುದಿಲ್ಲ.

ಕಂಡಕ್ಟರನನ್ನು ಕೈಯೆತ್ತಿಸಿ ನಿಲ್ಲಿಸಿ ನಾನು ಪುಸ್ತಕದ ಬಲಬದಿಯ ಪುಟಕ್ಕೆ ತಿರುಗಿದೆ. ಬೆಳಗಿನ ಅಂಕಿಗಳಲ್ಲಿ ಒಂದೊಂದು ಇಂಚು ಕಳೆದೆ. ಹನ್ನೆರಡೂ ಮುಕ್ಕಾಲು, ಹನ್ನೆರಡೂವರೆ, ಹನ್ನೆರಡೂ ಕಾಲು, ಹನ್ನೆರಡು, ಹನ್ನೆರಡು, ಹನ್ನೊಂದೂ ಮುಕ್ಕಾಲು... ಕೋಳಿ ಮೆಟ್ಟಿಲು ಇಳಿದಂತೆ ಇಳಿದಿತ್ತು. ಒಂದು ರಾತ್ರಿಯೂ ಏರಿರಲಿಲ್ಲ. ನಿನ್ನೆ ಸಂಜೆಗೇ ಅದು ಖಾಲಿ. ಆರು ದಿನದಿಂದ ಉಪವಾಸ ಬಿದ್ದಿದ್ದ ಆ ಪ್ರಾಣಿಯನ್ನು ನಾವು ಹೊಟ್ಟೆ ತುಂಬಿದೆ ಎಂದು ಕುಯ್ಯಿಸಲು ಹೊರಟಿದ್ದೆವು. ಅದರ ಪಕ್ಕದಲ್ಲೇ ಕೂತು, ಜನ್ಮದಲ್ಲಿ ಮೊದಲ ಸಲ ಯಾರಿಗೂ ಏನನ್ನೂ ಕೊಡದೆ, ಬರೀ ನಂಬಿಸಿಕೊಳ್ಳುವುದಕ್ಕಾಗಿ ಅದರ ಕೂಗಿಗೆ ಬೆನ್ನು ಹಾಕಿದವಳನ್ನು ಕಳ್ಳಿ ಎಂದಿದ್ದೆವು.

ನನಗೆ ಆಗ ಬಂದದ್ದು ಪಶ್ಚಾತ್ತಾಪ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಬಂದದ್ದು ನಾಚಿಕೆ, ಅದೂ ಅತ್ತೆಯ ಬಗ್ಗೆ ಅಲ್ಲ, ಕಿಟಕಿಯ ಸರಳಿನ ನಡುವೆ ಕೈ ತೂರಿಸಿದ್ದಕ್ಕೆ. ಹೇಳದೆ ಸುಮ್ಮನಿರಬಹುದು ಎಂದೂ ಹೊಳೆಯಿತು. ಡಾಕ್ಟರ್ ಹೇಗೂ ಮುಟ್ಟಿ ನೋಡುತ್ತಾನೆ, ಖಾಲಿ ಎನ್ನುತ್ತಾನೆ, ದಾರಿಯಲ್ಲಿ ಇಳಿದಿರಬೇಕು ಎಂದು ಅಪ್ಪ ಎನ್ನುತ್ತಾನೆ, ಹೋದೆಯಾ ಪಿಶಾಚಿ ಎಂದರೆ ಬಂದೆಯಾ ಗವಾಕ್ಷೀಲಿ ಎಂಬಂತೆ ಅತ್ತೆಯ ಮೇಲಿನ ಮಾತು ಹಾಗೇ ಉಳಿಯುತ್ತದೆ. ಕಂಡಕ್ಟರ್ ಕೈ ನೋಯುತ್ತಿದೆ ಎಂದ. ಅವನನ್ನು ನಲವತ್ತೊಂದು ಎಂದು ಬರೆದುಕೊಂಡು ಕಳಿಸಿದೆ. ಅವನು ಟಿಕೆಟ್ಟಿನಲ್ಲಿ ಗೆದ್ದವನಂತೆ ಹೋದ.

ಮಧ್ಯಾಹ್ನ ಎಲ್ಲರೂ ಅತ್ತೆಯ ಕೋಣೆಯಲ್ಲಿದ್ದಾಗ ಹೇಳಿದೆ. ಅಪ್ಪ ನಗುತ್ತಾ ಕೇಳಿಸಿಕೊಂಡ. ತನಗೆ ಅಂಗಿಗೂ ಕೋಳಿಗೂ ವ್ಯತ್ಯಾಸ ತಿಳಿಯದೇ ಎಂದ. ಬೇಕಾದರೆ ನೋಡಿ ಎಂದು ಕೊರಳಿಂದ ಟೇಪು ಎಳೆದು, ಮೇಡಮ್ಮನ್ನು ಅಮ್ಮನ ಕೈಗೆ ಕೊಟ್ಟು, ಅದರ ಎದೆಯ ಸುತ್ತ ತಂದು, ಕಣ್ಣು ಕಿರಿದು ಮಾಡಿ ಓದಿದ. “ಹನ್ನೆರಡೂ ಕಾಲು. ನೋಡು.”

ಯಾರೂ ಅಂಕಿಯನ್ನು ನೋಡಲಿಲ್ಲ. ನಾವು ಮೂವರೂ ನೋಡುತ್ತಿದ್ದದ್ದು ಟೇಪಿನ ಒಳಗೆ, ಕಂದು ಪುಕ್ಕಕ್ಕೆ ಒತ್ತಿಕೊಂಡಿದ್ದ ಅವನ ಎರಡು ಬೆರಳನ್ನು. ಅವು ತಮ್ಮ ಮನೆಯಲ್ಲಿದ್ದಂತೆ ಇದ್ದವು.

“ಬೆರಳು ತೆಗಿ,” ಅಂದಳು ಅತ್ತೆ.

ಅವನು ಕೆಳಗೆ ನೋಡಿದ. ತೆಗೆದ. ಟೇಪು ಸಡಿಲಾಗಿ ಕೆಳಗೆ ಜೋತುಬಿತ್ತು. ಬಿಗಿ ಮಾಡಲು ಹೋದರೆ ಬೆರಳುಗಳು ಮತ್ತೆ ತಾವಾಗಿ ಒಳಗೆ ಹೋದವು. ಬೈದು ಹೊರಗೆ ಕಳಿಸಿದ ಮಕ್ಕಳ ಹಾಗೆ. ಕೊನೆಗೆ ಹೊಸ್ತಿಲ ಮೇಲಿನ ನನ್ನ ಅಮ್ಮ, ಕೋಳಿಯನ್ನು ಒಂದು ಕೈಯಲ್ಲಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಗಂಡನ ಬೆರಳನ್ನು ಹಿಡಿದು ಪಕ್ಕಕ್ಕೆ ಸರಿಸಿದಳು. ಅವಳು ಯಾವ ಪಕ್ಷಕ್ಕಾದರೂ ಸೇರಿದ್ದನ್ನು ನಾನು ನೋಡಿದ್ದು ಅಷ್ಟೇ.

ಹನ್ನೊಂದೂ ಕಾಲು.

“ಅಳತೆ ಅಂದ್ಮೇಲೆ ಉಸಿರಾಡೋಕೆ ಜಾಗ ಬಿಡಬೇಕು,” ಎಂದ ಅಪ್ಪ. ಯಾರಿಗೆ ಹೇಳಿದನೋ. ಬಹುಶಃ ಅದಕ್ಕೂ ಕೋಳಿಯನ್ನೇ ಆರಿಸಿಕೊಂಡಿದ್ದ.

ಅತ್ತೆ ಎದ್ದು ಅವನ ಎದುರಿಗೆ ಬಂದಳು. ಅವಳು ಅವನಿಗಿಂತ ಒಂದು ಗೇಣು ಕುಳ್ಳು. ಅವಳು ಕೋಳಿಯ ವಿಷಯ ತೆಗೆಯುತ್ತಾಳೆ ಎಂದುಕೊಂಡೆ, ಅಷ್ಟೇ ನನಗೆ ತಿಳಿದಿದ್ದದ್ದು ಅವಳ ಬಗ್ಗೆ.

“ಅವತ್ತು ಲೋಟದಲ್ಲಿ ಎಷ್ಟಿತ್ತು?” ಅಂದಳು.

ಅಪ್ಪ ಟೇಪನ್ನು ಬೆರಳಿಗೆ ಸುತ್ತತೊಡಗಿದ.

“ಯಾವ ಲೋಟ?”

“ನೀನು ಬಂದಾಗ ಅಪ್ಪನ ಮಂಚದ ಪಕ್ಕ ಇತ್ತಲ್ಲ. ಎಷ್ಟಿತ್ತು ಹೇಳು. ಈಗ ಬೆರಳು ತೆಗೆದು ಹೇಳು.”

ಟೇಪು ಪೂರ್ತಿ ಸುತ್ತಿಯಾಯಿತು. ಮತ್ತೆ ಬಿಚ್ಚಿದ. ಅಮ್ಮನ ಕಂಕುಳಲ್ಲಿ ಮೇಡಂ ಕಣ್ಣು ಮುಚ್ಚಿ ತೆಗೆಯಿತು. ನಾನು ಮನಸ್ಸಿನಲ್ಲೇ ಕಾಲು ಲೋಟಕ್ಕೆ ಬರುತ್ತಾನೆ ಎಂದು ಅಂದಾಜು ಮಾಡಿದೆ. ಇಪ್ಪತ್ತು ವರ್ಷ ಬೆಳೆಸಿದ ಹಾಲು, ಒಂದೇ ಸಲ ಅಷ್ಟಕ್ಕಿಂತ ಕೆಳಗೆ ಹೇಗೆ ಇಳಿದೀತು.

“ಲೋಟ ಒದ್ದೆ ಇತ್ತು,” ಎಂದ ಅಪ್ಪ.

“ಹಾಲಿತ್ತಾ?”

“ಒದ್ದೆ ಇತ್ತು. ಅಷ್ಟೇ ನಾನು ನೋಡಿದ್ದು.”

ಅತ್ತೆ ತಲೆಯಾಡಿಸಿದಳು. ಅಳಲಿಲ್ಲ, ಗೆದ್ದವರ ಮುಖ ಮಾಡಲಿಲ್ಲ. ಅಂಗಿಗೆ ಗುಂಡಿ ಸರಿಯಾಗಿ ಕೂತಿದೆಯೇ ಎಂದು ಎಳೆದು ನೋಡುವವಳಂತೆ ಅವನನ್ನು ಒಂದು ಕ್ಷಣ ನೋಡಿ, ಹೋಗಿ ತನ್ನ ಜಾಗದಲ್ಲಿ ಕೂತಳು.

ಅಮ್ಮ ಡಾಕ್ಟರಿಗೆ ಫೋನು ಮಾಡಿ, ಬರುವುದಿಲ್ಲ ಎಂದಳು. ಆರು ದಿನ ಕಾಳು ಹಾಕಿಲ್ಲ ಎಂದು ಕೇಳಿ ಆತ ಏನೇನು ಅಂದನೋ, ಅವಳ ಕಿವಿ ಕೆಂಪಾಯಿತು. ಮುಟ್ಟಿ ನೋಡಿ ಎಂದಿದ್ದೆನಲ್ಲ, ನಿಮಗೆ ಕೈ ಇರಲಿಲ್ಲವೇ ಎಂದನಂತೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪವೇ ಕೊಡಿ ಎಂದ. ಅಮ್ಮ ಕಲಸಿ ತಂದು, ಅಭ್ಯಾಸ ಬಲದಿಂದ, ಬಟ್ಟಲನ್ನು ಅತ್ತೆಯ ಮುಂದೆ ಇಟ್ಟಳು.

ಅತ್ತೆ ಮುಟ್ಟಲಿಲ್ಲ. “ಅವನೇ ಹಾಕ್ಲಿ,” ಅಂದಳು.

ಹಾಗಾಗಿ ನಮ್ಮಪ್ಪ, ಊರಿನ ಅರ್ಧದಷ್ಟು ಗಂಡಸರ ಎದೆ ಬಲ್ಲವನು, ನೆಲದ ಮೇಲೆ ಕೂತು ಒಂದು ಕೋಳಿಗೆ ಎರಡು ಬೆರಳಿನಲ್ಲಿ ತಿನ್ನಿಸಿದ. ಮೇಡಮ್ಮಿಗೆ ಹಳದಿಗೂ ಬೆರಳಿಗೂ ವ್ಯತ್ಯಾಸ ತಿಳಿಯದು, ಎರಡನ್ನೂ ಕುಕ್ಕಿತು. ತನ್ನದೇ ಜಾತಿಯ ಮೊಟ್ಟೆಯನ್ನು ಅಷ್ಟು ಆಸೆಯಿಂದ ತಿನ್ನುವ ಪ್ರಾಣಿಯ ಮೇಲೆ ನನ್ನ ಅಭಿಪ್ರಾಯ ಅಂದೂ ಬದಲಾಗಲಿಲ್ಲ. ಅಪ್ಪ ಹಾ ಎಂದ, ಕೈ ಎಳೆದುಕೊಳ್ಳಲಿಲ್ಲ.

ಮೇಡಂ ಬದುಕಿತು. ಮೂರನೆಯ ದಿನ ಹಿತ್ತಿಲಿಗಿಳಿಯಿತು, ನಾಲ್ಕನೆಯ ದಿನ ಬಕೆಟ್ಟಿನೊಳಗೆ ಹಾರಿತು. ಮೊಟ್ಟೆ ಇಡುವುದನ್ನು ಮಾತ್ರ ಬಿಟ್ಟಿದೆ. ನಮ್ಮ ಮೇಲೆ ಅದರ ಅಭಿಪ್ರಾಯವೂ ಅಷ್ಟಕ್ಕಷ್ಟೇ ಇರಬೇಕು. ದಾರದ ತುಂಡುಗಳನ್ನು ನಾನೀಗ ಬಗ್ಗಿ ಬುಟ್ಟಿಗೆ ತುಂಬುತ್ತೇನೆ. ಒಳ್ಳೆಯವಳಾಗಿ ಅಲ್ಲ, ಅಂಥ ಇನ್ನೊಂದು ವಾರ ನೋಡುವ ಶಕ್ತಿ ಇಲ್ಲದ್ದರಿಂದ.

ಮುಂದಿನ ಶನಿವಾರ ಕಂಡಕ್ಟರ್ ಅಂಗಿ ಹಾಕಿ ನೋಡಲು ಬಂದ. ನಲವತ್ತೊಂದಕ್ಕೆ ಹೊಲಿದದ್ದು ಅವನ ಎದೆಯ ಮೇಲೆ ಬಿಗಿದು ಗುಂಡಿಗಳು ಮಾತಾಡುತ್ತಿದ್ದವು. ಆದರೂ ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡ. ಉಸಿರು ಬಿಡಬೇಡ ಎಂದು ಅಪ್ಪ ಅವನಿಗೆ ಹೇಳಿ, ಸೊಂಟದ ಹತ್ತಿರ ಗುಂಡುಸೂಜಿ ಹಚ್ಚುತ್ತಾ, ಕೋಳಿಯ ಕಥೆ ಶುರು ಮಾಡಿದ. ಆ ವಾರದಲ್ಲಿ ಅದು ಆಗಲೇ ನಾಲ್ಕೈದು ಸಲ ಹೇಳಿದ ಕಥೆ, ಹೇಳಿದಷ್ಟೂ ನೆರಿಗೆ ಬೀಳುತ್ತಿತ್ತು. ಮಗಳಿಗೆ ಅಳತೆ ಕಲಿಸಿದ್ದೇ ತಪ್ಪಾಯಿತು ಎಂದ. ಕೋಳಿಯ ಎದೆ ಅಳೆಯುವಾಗ ಟೇಪಿನೊಳಗೆ ಮೂರು ಬೆರಳು ತೂರಿಸಿಕೊಂಡು ಕೂತಿದ್ದಳು ನೋಡಪ್ಪ, ಮೂರು ಬೆರಳು ಎಂದ. ನಾನು ಕತ್ತರಿ ಕೆಳಗಿಟ್ಟೆ. ಇಂಥವನಿಗೆ ಎದುರಾಡುವುದು ಗೋಡೆಗೆ ಕಾಜ ಮಾಡಿದಂತೆ ಎಂದುಕೊಂಡು ಮತ್ತೆ ಎತ್ತಿಕೊಂಡೆ.

ಹಿಂದಿನ ಕೋಣೆಯಿಂದ, ಕೆಲಸದಿಂದ ತಲೆ ಎತ್ತದವರ ದನಿಯಲ್ಲಿ, ಅತ್ತೆ ಹೇಳಿದಳು.

“ಎರಡು. ಬೆರಳು ನಿಂದು.”

ಅಪ್ಪ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಕಂಡಕ್ಟರ್ ಉಸಿರು ಕಟ್ಟಿಕೊಂಡೇ ಅವನ ಮುಖ ನೋಡಿದ. ಇಷ್ಟು ವರ್ಷ ಆ ಕೋಣೆಯಿಂದ ಬಂದ ಮಾತಿಗೆ ಅಪ್ಪ ಈ ಕೋಣೆಯಲ್ಲಿ ಯಾವತ್ತೂ ಉತ್ತರ ಕೊಟ್ಟವನಲ್ಲ.

“ಹೌದು,” ಎಂದ. “ಎರಡು. ನಂದೇ.”

ಆಮೇಲೆ ಸೂಜಿ ಚುಚ್ಚಿದ.